ಮಣೆಯ ಮೇಲೆ ನನ್ನ ಶಲ್ಯ

ಊರವರ ಮದುವೆಗೆಲ್ಲ ಚಪ್ಪರ ಹಾಕುವವನಿಗೆ ತನ್ನ ಮನೆಯ ಕಾರ್ಯದಲ್ಲಿ ಕೂರಲು ಪುರುಸೊತ್ತಿರುವುದಿಲ್ಲ. ಒಂದು ಸಲವಲ್ಲ, ಪ್ರತಿ ಸಲವೂ ನನಗೆ ಹೀಗೇ ಆಗಿದೆ. ಇನ್ನೊಬ್ಬರ ಕೈಕೆಳಗೆ ದುಡಿದದ್ದು ಸಾಕು, ಸ್ವಂತದ್ದಾದರೆ ಬೇಕಾದಾಗ ರಜೆ ಹಾಕಬಹುದು ಅಂತ ಕೊಪ್ಪದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟೆ. ಎಂಥ ಬುದ್ಧಿ ನೋಡಿ!

ಹೆಂಡತಿ ಮದುವೆಯಾದ ಹೊಸದರಲ್ಲೇ ಹೇಳಿದ್ದಳು: "ನಂಗೆ ಚಿನ್ನ ಗಿನ್ನ ಎಂತದೂ ಬೇಡ. ನಮ್ಮನೆ ಕಾರ್ಯದಲ್ಲಾದ್ರೂ ನನ್ನ ಪಕ್ಕ ಕೂತ್ಕಳಿ, ಸಾಕು."

"ಅದೆಂತ ದೊಡ್ಡ ವಿಷಯ" ಅಂದಿದ್ದೆ.

ಆಲ್ಬಂ

ಮೆಣಸೆಯಲ್ಲಿ ಅವಳ ತಮ್ಮನ ಮದುವೆ. ಚಪ್ಪರ ನನ್ನದೇ. ಗ್ರೂಪ್ ಫೋಟೋಕ್ಕೆ ಎಲ್ಲರೂ ನಿಲ್ಲುವ ಹೊತ್ತಿಗೆ ಸರಿಯಾಗಿ ಹಿಂದಿನ ಕಂಬ ವಾಲಿತು. ಓಡಿಹೋಗಿ ತಬ್ಬಿಕೊಂಡೆ.

ಆಲ್ಬಂ ಬಂದಾಗ ಹೆಂಡತಿ ಒಂದೊಂದೇ ಹಾಳೆ ತಿರುವಿ ಹುಡುಕಿದಳು. "ಹೋಯ್, ಇಲ್ಲಿದೀರಿ ನೋಡಿ." ಎಲ್ಲರ ಹಿಂದೆ ಒಂದು ಬೆನ್ನು, ಅದರಾಚೆ ಒಂದು ಕಂಬ.

ಅತ್ತೆ ಸಮಾಧಾನ ಮಾಡಿದರು: "ಅಳಿಯಂದ್ರು ಹಿಡ್ಕಂಡಿದ್ದಕ್ಕೇ ಉಳಿದವರೆಲ್ಲ ನಗ್ತಾ ನಿಂತಿದಾರೆ ಅಲ್ದಾ?"

ಮೊದಲ ಅಕ್ಷರ

ಮಗಳಿಗೆ ಅಕ್ಷರಾಭ್ಯಾಸ ಮಾಡಿಸಲು ಶೃಂಗೇರಿಗೆ ಹೋದೆವು. ಆಗ ತಾನೇ ಮೊಬೈಲ್ ತಗೊಂಡಿದ್ದೆ, ಹಾಳಾದ್ದು. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು, ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ಅವಳ ಬೆರಳು ಹಿಡಿದೆ. ಪುರೋಹಿತರು "ಓಂ ಬರೆಸಿ" ಅನ್ನುವುದಕ್ಕೂ ಫೋನ್ ಬರುವುದಕ್ಕೂ ಸರಿಹೋಯಿತು. ನರಸಿಂಹರಾಜಪುರದ ಮದುವೆ ಮನೆಯವರು. ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು ಅವರು ಹೇಳಿದ್ದಕ್ಕೆಲ್ಲ ಹ್ಞೂಂ ಹ್ಞೂಂ ಅಂದೆ. ಆರ್ಡರ್ ಬಂದರೆ ಕೂಡಲೇ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಕೈ ಅದರ ಪಾಡಿಗೆ ಬರೆಯಿತು.

ಪುರೋಹಿತರು ತಟ್ಟೆಗೆ ಬಗ್ಗಿ ನೋಡಿದರು. "ಕುರ್ಚಿ ಇನ್ನೂರು, ಕಡಾಯಿ ನಾಲ್ಕು. ಇದು ಯಾವ ಮಂತ್ರ ಮಾರಾಯ್ರೆ?"

ಸುತ್ತಲಿದ್ದವರೆಲ್ಲ ನಕ್ಕರು. ಹೆಂಡತಿ ನಗಲಿಲ್ಲ. ಅಕ್ಕಿ ಸಮ ಮಾಡಿ, ಮಗುವನ್ನು ತನ್ನ ತೊಡೆಗೆ ಎಳೆದುಕೊಂಡು ಓಂ ಬರೆಸಿದಳು.

ಗೃಹಪ್ರವೇಶ

ಇಷ್ಟಾದ ಮೇಲೆ ಸ್ವಂತ ಮನೆ ಕಟ್ಟಿದೆ. ಒಳ್ಳೆಯ ಮುಹೂರ್ತ ಸಿಕ್ಕಿತು. ನಮಗೆ ಒಳ್ಳೆಯ ಮುಹೂರ್ತ ಅಂದರೆ ಮೂರು ತಾಲೂಕಿಗೂ ಒಳ್ಳೆಯ ಮುಹೂರ್ತವೇ ಅನ್ನುವುದು ಈ ಕಸುಬಿನವನಿಗೆ ಹೊಳೆಯಬೇಡವೇ? ನನ್ನ ಶಾಮಿಯಾನಗಳೆಲ್ಲ ಮೊದಲೇ ಬುಕ್ಕಾಗಿದ್ದವು. ಬಂದ ಗಿರಾಕಿಯನ್ನು ಕಳಿಸಲು ಮನಸ್ಸು ಬರಲಿಲ್ಲ, ದುರಾಸೆ. ನನ್ನ ಮನೆಗೆ ನನ್ನ ಎದುರಾಳಿಯ ಚಪ್ಪರ ತರಿಸಿದೆ.

ಮುಂಜಾನೆ ಬಾಳೆಹೊನ್ನೂರಿಂದ ಫೋನ್: "ಗಾಳಿಗೆ ಚಪ್ಪರ ಹಾರಿಹೋತು, ಬೇಗ ಬನ್ನಿ!"

"ಒಂದೇ ಗಂಟೆ" ಅಂತ ಹೆಂಡತಿಗೆ ಹೇಳಿ ಜೀಪು ಹತ್ತಿದೆ.

ವಾಪಸು ಬಂದಾಗ ಎರಡನೇ ಪಂಕ್ತಿಯೂ ಎದ್ದಿತ್ತು. ಎದುರಾಳಿ ಗಡದ್ದಾಗಿ ಉಂಡು ಎಲೆ ಅಡಿಕೆ ಹಾಕುತ್ತಿದ್ದ. ಒಳಗೆ ಹೋಮದ ಮುಂದೆ ಎರಡು ಮಣೆ. ಒಂದು ಖಾಲಿ, ಇನ್ನೊಂದರ ಮೇಲೆ ನನ್ನ ಶಲ್ಯ. ಯಜಮಾನ ಇಲ್ಲದಿದ್ದರೆ ಅವನ ಶಲ್ಯ ಇಟ್ಟು ಕಾರ್ಯ ಮುಗಿಸಬಹುದಂತೆ, ಭಟ್ಟರು ಹಾಗೇ ಮುಗಿಸಿದ್ದರು.

"ಪಾಪ, ಒಬ್ಬಳೇ ಕೂರಬೇಕಾಯ್ತು" ಅಂದೆ.

"ಒಬ್ಬಳೇ ಎಂತಕ್ಕೆ? ಶಲ್ಯ ಎರಡು ಗಂಟೆ ಪಕ್ಕದಲ್ಲೇ ಕೂತಿತ್ತು. ಒಂದು ಫೋನೂ ಬರ್ಲಿಲ್ಲ."

ಇನ್ನು ಮುಂದೆ ಹೀಗೆ ಮಾಡಿದರೆ ಕೇಳು ಅಂತ ಆಣೆ ಹಾಕಿದೆ.

ಮರುವರ್ಷ ಅವಳ ತಂಗಿಯ ಮದುವೆ. ಹೊರಡುವ ದಿನ ಬೆಳಿಗ್ಗೆ ಹೊಸ ಅಂಗಿ ಹಾಕಿ ತಯಾರಾಗಿ ನಿಂತಿದ್ದೆ, ನಿಜವಾಗಿ. ಅಂಗಡಿ ಮುಂದೆ ಲಾರಿ ಬಂದಿದೆ ಅಂತ ಫೋನ್ ಬಂತು. "ಲೋಡ್ ಮಾಡಿಸಿ ಹತ್ತೇ ನಿಮಿಷಕ್ಕೆ ಬಂದೆ" ಅಂದೆ.

ಹೆಂಡತಿ ಮಗಳ ಕೈ ಹಿಡಿದು ಮೆಟ್ಟಿಲಿಳಿದಳು. ಸಿಟ್ಟೂ ಇಲ್ಲ, ಅಳುವೂ ಇಲ್ಲ. ಹೆಗಲ ಬ್ಯಾಗನ್ನು ತಟ್ಟಿ ತೋರಿಸಿದಳು.

"ನಿಧಾನ ಮಾಡಿ ಮಾರಾಯ್ರೆ. ನಿಮ್ಮನ್ನ ಮಡಚಿ ಇಟ್ಕಂಡಿದೀನಿ."