ಬಂದರಿನ ಗರುಡನೂ ಹಾಲುಪುಡಿಯ ಡಬ್ಬಿಯೂ

ನಿವೃತ್ತ ಶಿಕ್ಷಕರ ಸಂಘದ ಛಾಯಾಚಿತ್ರ ಪ್ರದರ್ಶನದಲ್ಲಿ ಹೋದ ವರ್ಷ ನನಗಾದ ಅವಮಾನವನ್ನು ಮೊದಲು ಹೇಳಬೇಕು. ಬಂದರಿನ ಮೇಲೆ ಹಾರುವ ಗರುಡನ ಚಿತ್ರವೊಂದನ್ನು ನಾನು ಗೋಡೆಗೆ ತೂಗುಹಾಕಿದ್ದೆ. ಐರಿನ್ ಟೀಚರ್ ಹತ್ತಿರ ಬಂದರು, ಕನ್ನಡಕ ಸರಿಮಾಡಿಕೊಂಡರು, ಕರವಸ್ತ್ರ ತೆಗೆದು ಗರುಡನನ್ನು ಒರಸಿದರು.

"ನೊಣ ಕೂತು ಕಲೆ ಆಗಿದೆ ಮಾಸ್ಟ್ರೇ."

"ಅದೇ ಗರುಡ ಟೀಚರ್" ಎಂದು ನಾನು ಬೆರಳಿಟ್ಟು ತೋರಿಸಬೇಕಾಯಿತು. ಪಕ್ಕದಲ್ಲೇ ಕಜೆಟನ್ ಮಾಸ್ಟ್ರು ಮೊಬೈಲಿನಲ್ಲಿ ತೆಗೆದ ದಾಸವಾಳ. ಎಂದಿನಂತೆ ಅದಕ್ಕೇ ಮೊದಲ ಬಹುಮಾನ.

ಬರುವ ವರ್ಷ ಗರುಡನ ಕಣ್ಣು ಕಾಣಬೇಕು, ಬಹುಮಾನ ನನಗೇ ಬರಬೇಕು ಎಂದು ಅಂದೇ ಸಂಕಲ್ಪ ಮಾಡಿದೆ. ಅದಕ್ಕೊಂದು ಟೆಲಿಫೋಟೋ ಜೂಮ್ ಲೆನ್ಸ್ ಬೇಕು. ಅದು ಪಿಂಚಣಿಗೆ ಎಟುಕಬೇಕು.

"ಇದ್ದ ಕ್ಯಾಮರಾಕ್ಕೆ ಎಂತ ಆಗಿದೆ?" ಎಂದಳು ನನ್ನ ಹೆಂಡತಿ ದೇಯಿ.

"ದೂರದ್ದು ಹತ್ತಿರ ಕಾಣುವುದಿಲ್ಲ."

"ನಿಮಗೆ ಹತ್ತಿರದ್ದೇ ಕಾಣುವುದಿಲ್ಲ ಮಾರಾಯ್ರೇ. ನಿನ್ನೆ ಕಣ್ಣೆದುರಿದ್ದ ಉಪ್ಪಿನ ಭರಣಿ ಹುಡುಕ್ಲಿಕ್ಕೆ ನನ್ನನ್ನು ಬಚ್ಚಲಿಂದ ಕರೆದಿರಿ."

(ನಮ್ಮ ಜಗಳ ನಡೆಯುವುದು ತುಳುವಿನಲ್ಲಿ. ಸೋಲುವ ಲಕ್ಷಣ ಕಂಡರೆ ನಾನು ಕನ್ನಡಕ್ಕೆ ಬರುತ್ತೇನೆ, ಅದು ನಾನು ಶಾಲೆಯಲ್ಲಿ ಕಲಿಸಿದ ವಿಷಯ. ಅವಳು ಕನ್ನಡದಲ್ಲಿಯೂ ಗೆಲ್ಲುತ್ತಾಳೆ.)

ಕಂಕನಾಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಖಾಲಿದನ ಕ್ಯಾಮರಾ ಅಂಗಡಿಯಿದೆ. ದೇಯಿಯೂ ಜೊತೆಗೆ ಬಂದಳು. ಹೊಸ ಲೆನ್ಸಿನ ಬೆಲೆ ಕೇಳಿದ ಮೇಲೆ ನಾನು ಕುಳಿತುಕೊಳ್ಳಲು ಕುರ್ಚಿ ಕೇಳಿದೆ. ಖಾಲಿದನಿಗೆ ಅರ್ಥವಾಯಿತು. ಯಾರೋ ಬಳಸಿ ಬಿಟ್ಟ ಎರಡು ಲೆನ್ಸ್ ತೆಗೆದಿಟ್ಟ.

"ಎರಡೂ ಎಪ್ಪತ್ತರಿಂದ ಮುನ್ನೂರು ಮಿಲಿಮೀಟರ್ ಸಾರ್, ಹಕ್ಕಿಗೆ ಧಾರಾಳ ಸಾಕು. ಇದರಲ್ಲಿ ಕೈ ನಡುಗಿದರೂ ಚಿತ್ರ ನಡುಗುವುದಿಲ್ಲ. ಅದರಲ್ಲಿ ಆ ವ್ಯವಸ್ಥೆ ಇಲ್ಲ."

"ಇವರ ಕೈ ನಡುಗುವುದು ತರಕಾರಿ ಚೀಲ ಹಿಡಿಯುವಾಗ ಮಾತ್ರ" ಎನ್ನುತ್ತಾ ದೇಯಿ ಮೊದಲನೆಯದನ್ನು ಎತ್ತಿಕೊಂಡಳು. ಬಂಗುಡೆ ಮೀನಿನ ಕಿವಿರು ಬಿಡಿಸಿ ನೋಡುವ ಗತ್ತಿನಲ್ಲಿ ಮುಚ್ಚಳ ತೆಗೆದು ಬೆಳಕಿಗೆ ಹಿಡಿದಳು. "ಇದರ ಕಣ್ಣು ಮಂಕು. ನಿನ್ನೆ ಮೊನ್ನೆಯದ್ದಲ್ಲ. ಬೇಡ."

ಖಾಲಿದ್ ಇಣುಕಿ ನೋಡಿ ತಲೆ ಕೆರೆದುಕೊಂಡ. "ಹೌದಮ್ಮ, ಒಳಗೆ ಫಂಗಸ್ ಉಂಟು. ನಮ್ಮ ಊರಿನ ಗಾಳಿಗೆ ಲೆನ್ಸಿಗೂ ಬೂಷ್ಟು ಹಿಡೀತದೆ. ಸಾರ್, ಮಳೆಗಾಲ ಬಂತು, ನೀವು ಗಾಳಿ ಹೋಗದ ಡಬ್ಬಿಯಲ್ಲೇ ಇಡಿ."

ಹೀಗೆ ನಡುಕ ತಡೆಯದ, ಆದರೆ ಕಣ್ಣು ನಿರ್ಮಲವಾಗಿದ್ದ ಲೆನ್ಸ್ ಮನೆಗೆ ಬಂತು.

ಗಾಳಿ ಹೋಗದ ಡಬ್ಬಿಯನ್ನು ಎಲ್ಲಿಂದ ತರುವುದು? ಅಡುಗೆಮನೆಯ ಡಬ್ಬಿಗಳು ದೇಯಿಯ ಸಾಮ್ರಾಜ್ಯ. ಅವಳು ಮದುವೆಯೊಂದಕ್ಕೆ ಹೋಗಿದ್ದಾಗ ನಾನು ಆಕ್ರಮಣ ಮಾಡಿದೆ. ಅವಳ ತಮ್ಮ ರೂಪೇಶ್ ದುಬಾಯಿಯಿಂದ ತಂದ ಹಾಲುಪುಡಿಯ ಡಬ್ಬಿಯೊಂದು ಮೇಲಿನ ಹಲಗೆಯಲ್ಲಿ ಖಾಲಿಯಾಗಿ ಸಿಕ್ಕಿತು. ಮುಚ್ಚಳ ತೆಗೆಯಲು ಚಮಚದ ಹಿಡಿ ಬೇಕಾಯಿತು, ಅಷ್ಟು ಬಿಗಿ. ಲೆನ್ಸನ್ನು ಅದರಲ್ಲಿಟ್ಟು, ಡಬ್ಬಿಯನ್ನು ನನ್ನ ಕಪಾಟಿನ ಮೇಲೆ ಅಡಗಿಸಿದೆ. (ಚಾಕ್‌ಪೀಸಿನ ಪುಡಿ ಸೇದಿ ಸೇದಿ ನನ್ನ ಮೂಗು ನನಗಿಂತ ಮೊದಲೇ ನಿವೃತ್ತವಾಗಿದೆ. ಈ ಸಂಗತಿ ನೆನಪಿರಲಿ.)

ಮಳೆ ಕಳೆದ ಮೇಲೆ ಒಂದು ಬೆಳಗ್ಗೆ ಇಬ್ಬರೂ ಬಂದರಿಗೆ ಹೋದೆವು. ಅವಳು ಮೀನಿಗಾಗಿ, ನಾನು ಗರುಡನಿಗಾಗಿ. ದೋಣಿಯ ಕಂಬದ ತುದಿಯಲ್ಲಿ ಗರುಡ ಪಟ್ಟಾಭಿಷೇಕಕ್ಕೆ ಕುಳಿತವನಂತೆ ಕುಳಿತಿದ್ದ. ಲೆನ್ಸ್ ಜೋಡಿಸಿ ಉಸಿರು ಬಿಗಿಹಿಡಿದೆ. ಕಾಲಿಗೆ ಏನೋ ಉಜ್ಜಿತು. ಬೆಕ್ಕು. ಅದರ ಹಿಂದೆ ಇನ್ನೊಂದು. ಮೀನಿನ ರಾಶಿಯನ್ನೇ ಬಿಟ್ಟು ಬಂದರಿನ ಮಾರ್ಜಾಲ ಸಂಕುಲವೆಲ್ಲ ನನ್ನತ್ತ ಮೆರವಣಿಗೆ ಹೊರಟಿತು. ಬೂದು ಬಣ್ಣದ ದಡಿಯ ಬೆಕ್ಕೊಂದು ನನ್ನ ಅಂಗಿ ಹಿಡಿದು ಹತ್ತಿ, ಭುಜದ ಮೇಲೆ ಆಸೀನವಾಗಿ, ಲೆನ್ಸನ್ನು ಭಕ್ತಿಯಿಂದ ನೆಕ್ಕತೊಡಗಿತು.

ದೇಯಿ ಬಂದು ಮೂಸಿದಳು. "ಇದನ್ನು ಎಲ್ಲಿ ಇಟ್ಟಿದ್ರಿ?"

"ರೂಪೇಶನ ಹಾಲುಪುಡಿಯ ಡಬ್ಬಿಯಲ್ಲಿ."

"ಅಯ್ಯೋ ದೇವರೇ! ಅದು ನನ್ನ ಒಣಸಿಗಡಿಯ ಡಬ್ಬಿ! ಮಳೆಗಾಲ ಪೂರಾ ಹುಡುಕಿದ್ದೇನೆ. ನಿಮ್ಮಲ್ಲಿ ಕೇಳಿದರೆ ಕಾಣಲೇ ಇಲ್ಲ ಅಂದ್ರಲ್ಲ!"

ಬೆಕ್ಕುಗಳನ್ನು ಆಚೆ ಸೆಳೆಯಲು ಅವಳು ಚೀಲದಿಂದ ಒಂದು ಬಂಗುಡೆಯನ್ನು ಬಾಲ ಹಿಡಿದು ಎತ್ತಿದಳು. ಅಷ್ಟೇ. ಗರುಡ ಸಿಂಹಾಸನ ಬಿಟ್ಟು ನೇರ ಕೆಳಗಿಳಿದ. ನನ್ನ ಮೂಗಿನ ಮುಂದೆ ರೆಕ್ಕೆ ಬಿಚ್ಚಿದ. ಕಣ್ಣು, ಕೊಕ್ಕು, ಒಂದೊಂದು ಗರಿ! ನಾನು ಗುಂಡಿ ಒತ್ತಿದೆ. ಲೆನ್ಸ್ ಗರ್ ಗರ್ ಎಂದು ಹಿಂದೆ ಮುಂದೆ ಓಡಿತೇ ಹೊರತು ಚಿತ್ರ ಹಿಡಿಯಲಿಲ್ಲ. ದೂರಕ್ಕೆಂದೇ ಮಾಡಿದ ಲೆನ್ಸ್, ಕೈಗೆಟುಕುವಷ್ಟು ಹತ್ತಿರ ಬಂದದ್ದು ಅದಕ್ಕೆ ಕಾಣುವುದಿಲ್ಲ. (ಈ ದೋಷವನ್ನು ದೇಯಿ ಮೊದಲೇ ಹೇಳಿದ್ದಳು, ನನ್ನ ಕುರಿತು.) ಗರುಡ ಬಂಗುಡೆ ಸಮೇತ ಅಂತರ್ಧಾನನಾದ.

"ಭಾರೀ ಲಾಯ್ಕ ಬಂತು ಮಾಸ್ಟ್ರೇ!" ಎಂದಿತು ಬದಿಯಿಂದ ಒಂದು ಧ್ವನಿ. ತಿರುಗಿ ನೋಡಿದರೆ ಕಜೆಟನ್ ಮಾಸ್ಟ್ರು. ಒಂದು ಕೈಯಲ್ಲಿ ಮೀನಿನ ಚೀಲ, ಇನ್ನೊಂದರಲ್ಲಿ ಮೊಬೈಲು.

ಈ ವರ್ಷ ಮೊದಲ ಬಹುಮಾನ ಪಡೆದ ಚಿತ್ರದಲ್ಲಿ ಗರುಡನ ಉಗುರಿನ ಮೊನೆ ಕಾಣುತ್ತದೆ, ಬಂಗುಡೆಯ ಕಣ್ಣು ಹೊಳೆಯುತ್ತದೆ, ಬೆಕ್ಕಿನ ಮೀಸೆ ಎಣಿಸಬಹುದು. ಐರಿನ್ ಟೀಚರ್ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಎಲ್ಲ ಸ್ಪಷ್ಟ ಉಂಟು. ರೆಕ್ಕೆಯ ನೆರಳಲ್ಲಿ ಕಪ್ಪು ಕಲೆ ಆಗಿದೆ, ಈ ಬೆಕ್ಕು ಕೂತದ್ದು ಎಂತದರ ಮೇಲೆ ಅಂತ ಮಾತ್ರ ಗೊತ್ತಾಗುವುದಿಲ್ಲ" ಎಂದು ಕರವಸ್ತ್ರ ತೆಗೆದರು.

ದೇಯಿ ಬೆರಳಿಟ್ಟು ತೋರಿಸಿದಳು.

"ಒರಸಬೇಡಿ ಟೀಚರ್. ಅದು ನಮ್ಮವರು."