ತುಪ್ಪದ ಡಬ್ಬದಲ್ಲಿ ಎರೆಹುಳು

ಜಂಬಪಡಲು ಏನೂ ಇಲ್ಲದ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ಒಬ್ಬರಿಗೆ ತಮ್ಮ ಮೀಸೆ, ಇನ್ನೊಬ್ಬರಿಗೆ ತಮ್ಮ ಜೋಡೆತ್ತು, ಮತ್ತೊಬ್ಬರಿಗೆ ಮಗನ ಇಂಗ್ಲಿಷು. ನಮ್ಮ ಸ್ಟೇಷನ್ ಮಾಸ್ತರರಿಗೆ ತಮ್ಮ ಗಡಿಯಾರದ ಮೇಲೆ ಎಷ್ಟು ಅಭಿಮಾನವೆಂದರೆ, ಬೆಳಕು ಹರಿಯುವುದು ಸ್ವಲ್ಪ ತಡವಾದರೂ ಸೂರ್ಯನ ಮೇಲೆ ಸಿಟ್ಟಾಗುತ್ತಾರೆ. ನಾನು ಅರಸೀಕೆರೆ ಜಂಕ್ಷನ್ನಿನ ಪಾರ್ಸಲ್ ಗುಮಾಸ್ತ. ನನಗೆ ಮೀಸೆ ಸರಿಯಾಗಿ ಬೆಳೆಯಲಿಲ್ಲ, ಎತ್ತು ಕಟ್ಟುವುದಕ್ಕೆ ಕೊಟ್ಟಿಗೆಯಿಲ್ಲ. ಆದ್ದರಿಂದ ನನ್ನ ಜಂಬವೆಲ್ಲ ಹೋಗಿ ಎರೆಹುಳುವಿನ ಮೇಲೆ ಕೂತಿತು. ನಗಬೇಡಿ. ಭಾನುವಾರ ಕೆರೆ ಏರಿಯ ಮೇಲೆ ಗಾಳ ಹಿಡಿದು ಕೂರುವವರು ನಮ್ಮೂರಲ್ಲಿ ಹತ್ತಾರು ಜನ ಇದ್ದಾರೆ, ನನಗಿಂತ ದೊಡ್ಡ ಮೀನು ಹಿಡಿಯುವವರೂ ಇದ್ದಾರೆ. ಆದರೆ ಅವರೆಲ್ಲ ಪಕ್ಕದವರ ಹತ್ತಿರ ಹುಳು ಕಡ ಕೇಳುವವರು, ಇಲ್ಲವೇ ರಾತ್ರಿ ಉಳಿದ ರಾಗಿಮುದ್ದೆಯ ಚೂರನ್ನು ಗಾಳಕ್ಕೆ ಮೆತ್ತುವವರು. ಗಾಳಕ್ಕೆ ಸಿಕ್ಕಿಸುವ ಎರೆಯನ್ನು ಸ್ವಂತ ಕೈಯಲ್ಲಿ ಅಗೆದು, ಒಂದು ಹುಳುವೂ ತುಂಡಾಗದಂತೆ ಎತ್ತಿ, ತೊಳೆದು, ಜೋಪಾನ ಮಾಡಿ ತರುವವನು ನಾನೊಬ್ಬನೇ.

ಇದು ಸುಲಭದ ವಿದ್ಯೆ ಎಂದು ತಿಳಿಯಬಾರದು. ಮಳೆಗಾಲದಲ್ಲಿ ಯಾರು ಬೇಕಾದರೂ ಎರೆಹುಳು ಹಿಡಿದಾರು. ಮಾಘ ಕಳೆದು ನೆಲ ಬಿರಿಯತೊಡಗಿದ ಮೇಲೆ ಹುಳು ಎಲ್ಲಿರುತ್ತದೆ ಎಂದು ಗೊತ್ತಿರಬೇಕು. ಅದು ಬಚ್ಚಲ ನೀರು ಹರಿಯುವ ಕಡೆ, ಬಾಳೆಯ ಬುಡದಲ್ಲಿ, ಒಂದು ಗೇಣು ಆಳದಲ್ಲಿ ಇರುತ್ತದೆ. ನಮ್ಮ ಮನೆಯಲ್ಲಿ ಬಚ್ಚಲ ನೀರೂ ಇತ್ತು, ಬಾಳೆಯೂ ಇತ್ತು. ತೊಂದರೆಯೆಂದರೆ ಆ ಬಾಳೆ ನನ್ನ ಹೆಂಡತಿಯದು. ನಾನು ಅಗೆದೂ ಅಗೆದೂ ಅದು ಅಡುಗೆಮನೆಯ ಕಡೆಗೆ ವಾಲಿಕೊಂಡಿತ್ತು.

"ಏನ್ರೀ, ಆ ಬಾಳೆ ಬುಡ ಬಿಟ್ರೆ ಊರಲ್ಲಿ ಬೇರೆ ಮಣ್ಣೇ ಇಲ್ವಾ?" ಎಂದು ಅವಳು ಕೇಳುತ್ತಿದ್ದಳು.

"ಮಣ್ಣಿಗೇನು ಕಡಿಮೆ ಕಣೇ? ಹುಳು ಇರಬೇಕಲ್ಲ!" ಎಂದು ನಾನು ಅನ್ನುತ್ತಿದ್ದೆ. ಅವಳು ಬಾಳೆಗೆ ಒಂದು ಊರುಗೋಲು ಕೊಟ್ಟಳು.

ಹೀಗಿರುವಾಗ ಮಂಗಳೂರಿನಿಂದ ನಮ್ಮಕ್ಕನ ಕಾಗದ ಬಂತು. ಅಕ್ಕನನ್ನು ಕೊಟ್ಟಿರುವುದು ಬಿಕ್ಕೋಡಿನ ಹತ್ತಿರದ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಿಗೆ. ಹಣ್ಣು ಕೊಯ್ದು ಒಣಗಿಸಿ ಮುಗಿದ ಮೇಲೆ ತೋಟದ ಕಾಫಿಯೆಲ್ಲ ಹಸನಾಗಲು ಮಂಗಳೂರಿಗೆ ಹೋಗುತ್ತದೆ. ಅಲ್ಲಿನ ಕಣದಲ್ಲಿ ಅದನ್ನು ಕಾಯಲು ಬಾವನೂ ಹೋಗಬೇಕು. ಆ ಎರಡು ಮೂರು ತಿಂಗಳು ಅವರು ಕಡಲ ಹತ್ತಿರ ಒಂದು ಮನೆ ಹಿಡಿದು ಇರುತ್ತಾರೆ. ಅಕ್ಕನಿಗೆ ಓದುಬರಹ ಬಾರದು. ಅವಳು ಹೇಳಿದ್ದನ್ನು ಬಾವ ಬರೆಯಬೇಕು. ಬಾವ ಬರೆಯುವಾಗ ತಮ್ಮದನ್ನೂ ನಡುನಡುವೆ ಕಂಸದಲ್ಲಿ ಸೇರಿಸದೆ ಇರುವವರಲ್ಲ.

"ನಿಮ್ಮ ಬಾವ ದಿನಾ ಊಟಕ್ಕೆ ಕೂತಾಗ ನನ್ನ ತವರಿನವರನ್ನು ಆಡಿಕೊಳ್ಳುತ್ತಾರೆ. (ನಿಜ.) ಅರಸೀಕೆರೆ ಕಡೆಯವರಿಗೆ ಗೊತ್ತಿರುವುದು ತೆಂಗಿನಕಾಯಿ ಒಂದೇ, ಅದೂ ತಾನಾಗಿ ಬಿದ್ದರೆ ಮಾತ್ರ ಎನ್ನುತ್ತಾರೆ. (ಇದೂ ನಿಜ.) ನನ್ನ ತಮ್ಮ ಎರೆಯನ್ನು ತಾನೇ ಹಿಡಿದು ಯಾವ ನೀರಲ್ಲಿ ಗಾಳ ಹಾಕಿದರೂ ಮೀನು ತೆಗೆಯುತ್ತಾನೆ ಎಂದು ನಾನು ಹೇಳಿಬಿಟ್ಟಿದ್ದೇನೆ. (ಅಕ್ಕಪಕ್ಕದವರ ಮುಂದೆ ಹೇಳಿದ್ದಾಳೆ.) ನೀನು ಒಂದು ಸಲ ಬಂದು ಇವರ ತಟ್ಟೆಗೆ ಕಡಲ ಮೀನು ಹಾಕಿ ಹೋಗು. ಇಲ್ಲದಿದ್ದರೆ ನಾನು ಈ ಮನೆಯಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. (ತಟ್ಟೆ ತೊಳೆದು ಕಾದಿರುತ್ತೇನೆ.)"

ಕಾಗದವನ್ನು ಎರಡು ಸಲ ಓದಿದೆ. ಅಕ್ಕ ನನ್ನನ್ನು ಎತ್ತಿ ಆಡಿಸಿದವಳು. ನಾನು ಹುಡುಗನಾಗಿದ್ದಾಗ ಮೊದಲ ಗಾಳ ಕಟ್ಟಿಕೊಟ್ಟವಳೂ ಅವಳೇ. ಈಗ ಅವಳ ಮಾನ ನನ್ನ ಎರೆಯ ಮೇಲೆ ನಿಂತಿದೆ ಎಂದರೆ ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ, ಎದೆಯುಬ್ಬಿತು. ಅದೇ ದಿನ ರಜೆಗೆ ಅರ್ಜಿ ಕೊಟ್ಟೆ.

ಹೊರಡುವ ಹಿಂದಿನ ದಿನ ಬಾಳೆಯ ಬುಡವನ್ನು ಕೊನೆಯ ಸಲ ಎಂಬಂತೆ ಅಗೆದೆ. ಹೆಬ್ಬೆರಳು ಗಾತ್ರದ ಕೆಂಪು ಹುಳುಗಳು! ಪಾರ್ಸಲ್ ಕಟ್ಟುವುದರಲ್ಲಿ ನನಗೆ ಹನ್ನೆರಡು ವರ್ಷದ ಅನುಭವ. ಮನೆಯಲ್ಲಿ ಬಿಗಿ ಮುಚ್ಚಳದ ಡಬ್ಬವೆಂದರೆ ತುಪ್ಪದ್ದೊಂದೇ. ಅದರ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ಒದ್ದೆ ತೆಂಗಿನ ನಾರು, ಅದರ ಮೇಲೆ ಬಚ್ಚಲ ಮಣ್ಣು, ಮಣ್ಣಿಗೆ ಒಂದು ಚಿಟಿಕೆ ರಾಗಿಹಿಟ್ಟು ಹಾಕಿ, ಹುಳುಗಳನ್ನು ಬಿಟ್ಟೆ.

"ಅತ್ತಿಗೆಗೆ ಅಂತ ತುಪ್ಪ ಕಾಸಿಟ್ಟಿದ್ದೆನಲ್ಲ, ಅದನ್ನ ಯಾವುದ್ರಲ್ಲಿ ತಗೊಂಡು ಹೋಗ್ತೀರಿ?" ಎಂದಳು ಹೆಂಡತಿ.

"ಒಂದು ಕೈಯಲ್ಲಿ ಗಾಳದ ಕೋಲು, ಇನ್ನೊಂದರಲ್ಲಿ ಡಬ್ಬ. ದೇವರು ಮೂರನೇ ಕೈ ಕೊಟ್ಟಿಲ್ಲ ಕಣೇ," ಎಂದೆ. ಅವಳು ನನ್ನನ್ನೂ ಡಬ್ಬವನ್ನೂ ನೋಡಿ ಒಳಗೆ ಹೋದಳು.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎಂದು ಮರ್ಯಾದೆಗೆ ಹೇಳಿದೆ. ನನ್ನ ಪಕ್ಕದಲ್ಲಿ ಬೇಲೂರಿಗೆ ಹೊರಟಿದ್ದ ಒಬ್ಬ ದೊಡ್ಡ ಮೈಯ ಹೆಂಗಸು ಕೂತಿದ್ದರು. ಕಾಲಿಡಲು ಜಾಗವಿಲ್ಲದೆ ನಾನು ಒದ್ದಾಡುವುದನ್ನು ನೋಡಿ, "ಕೊಡಪ್ಪ ಇತ್ಲಾಗೆ, ನಾನ್ ಮಡಿಕತ್ತೀನಿ. ತುಪ್ಪವಾ?" ಎಂದರು.

"ಅಕ್ಕನ ಮನೆಗೆ," ಎಂದೆ. ಅದು ಸುಳ್ಳಲ್ಲ.

"ನಿನ್ನಂಥ ತಮ್ಮ ಎಲ್ರಿಗೂ ಇರ್ಬೇಕು ಕಣಪ್ಪ," ಎಂದು ಅವರು ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಬೇಲೂರಿನವರೆಗೂ ಒಂದು ಕಡೆಗೂ ವಾಲದಂತೆ ಹಿಡಿದರು. ಹಳೇಬೀಡಿನಲ್ಲಿ ಒಲೆಗೆ ಇದ್ದಿಲು ತುಂಬಲು ಬಸ್ಸು ನಿಂತಾಗ ಉಳಿದವರು ದೇವಸ್ಥಾನ ನೋಡಲು ಹೋದರು. ನಾನು ಆ ತಾಯಿಯ ಕೈಯಿಂದ ಡಬ್ಬ ಇಸಿದುಕೊಂಡು ಕೆರೆಯ ಅಂಚಿಗೆ ಓಡಿದೆ. ಬಿಸಿಲಿಗೆ ಹುಳುಗಳು ಬಾಡಿರಬಹುದು ಎಂಬ ಚಿಂತೆ ನನಗೆ. ಮುಚ್ಚಳ ತೆಗೆದು ಒಂದು ಹಿಡಿ ತಂಪು ಕೆಸರು ಹಾಕಿ, ಆರೋಗ್ಯ ವಿಚಾರಿಸಿ, ಮತ್ತೆ ಮುಚ್ಚಿ ತಂದೆ. "ತುಪ್ಪಕ್ಕೆ ನೀರು ಹಾಕ್ಕಂಡ್ ಬಂದ್ಯಾ?" ಎಂದು ಆ ತಾಯಿ ಅನುಮಾನದಿಂದ ಕೇಳಿದರು. ಆಮೇಲೆ ಬೇಲೂರಿನವರೆಗೆ ನನ್ನ ಮೇಲಿನ ಅವರ ಅಭಿಪ್ರಾಯ ಸ್ವಲ್ಪ ಇಳಿದಿತ್ತು. ಬೇಲೂರಿನಲ್ಲಿ ಬಸ್ಸು ಬದಲಾಯಿಸಿ, ಘಟ್ಟ ಇಳಿದು, ಬೆವರಿ, ಅಕ್ಕನ ಮನೆ ತಲುಪಿದೆ.

ಅಕ್ಕ ಬಾಗಿಲಲ್ಲೇ ಡಬ್ಬ ನೋಡಿ ಮುಖ ಅರಳಿಸಿದಳು. "ತುಪ್ಪ ಕಳ್ಸವ್ಳೆ! ಇಲ್ಲಿ ತುಪ್ಪ ಅಂತ ಸಿಗೋದು ಬಾಯಿಗಿಡಂಗಿಲ್ಲ ಕಣೋ ಸಿದ್ದ," ಎನ್ನುತ್ತಾ ನನ್ನ ಕೈಯಿಂದ ಕಸಿದುಕೊಂಡು ಮುಚ್ಚಳ ತೆಗೆದೇಬಿಟ್ಟಳು. ಮುಂದಿನದನ್ನು ವಿವರಿಸುವುದಿಲ್ಲ. ಡಬ್ಬ ಕೆಳಗೆ ಬೀಳಲಿಲ್ಲ ಎನ್ನುವುದಷ್ಟೇ ಸಮಾಧಾನ. ಬಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ ಇವಳೇ, ನಿನ್ನ ತವರಿನೋರು ಬರೀ ಕೈಯಲ್ಲಿ ಬರಲ್ಲ ಅಂದಿದ್ದೆಯಲ್ಲ, ನೋಡು!" ಎಂದರು. ಅಕ್ಕ ಮುಚ್ಚಳ ಒತ್ತಿ ಡಬ್ಬವನ್ನು ಜಗಲಿಯ ಮೇಲಿಟ್ಟಳು. ಆದರೂ ಮಾರನೆಯ ಬೆಳಗ್ಗೆ ನಾನು ಕೋಲು ಹಿಡಿದು ಹೊರಟಾಗ ಅವಳು ಒರಳಿನ ಮುಂದೆ ಕೂತು ಮೀನಿಗೆ ಖಾರ ಅರೆಯುತ್ತಿದ್ದಳು.

ಕಡಲನ್ನು ನಾನು ಅದುವರೆಗೆ ನೋಡಿರಲಿಲ್ಲ. ನಮ್ಮ ಕೆರೆ ಮರ್ಯಾದಸ್ಥ ನೀರು, ಹಾಕಿದ ಗಾಳವನ್ನು ಹಾಕಿದಲ್ಲೇ ಇಟ್ಟುಕೊಳ್ಳುತ್ತದೆ. ಈ ಕಡಲು ನಾನು ಎಸೆದ ದಾರವನ್ನು ಸುತ್ತಿ ನನ್ನ ಕಾಲ ಬುಡಕ್ಕೇ ತಂದು ಹಾಕುತ್ತಿತ್ತು. ವಾಪಸು ಬಂದ ಸರಕು ಎಂಥ ಅವಮಾನ ಎಂದು ಪಾರ್ಸಲ್ ಗುಮಾಸ್ತನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಇನ್ನು ನನ್ನ ಹುಳುಗಳು. ಬಾಳೆಯ ಬುಡದಲ್ಲಿ ಬೆಳೆದು, ಹಳೇಬೀಡಿನ ಕೆಸರು ಉಂಡು, ಘಟ್ಟ ಇಳಿದು ಬಂದ ಆ ಹುಳುಗಳು ಉಪ್ಪುನೀರು ತಾಗಿದ ಕ್ಷಣದಲ್ಲಿ ಬಿಳಿಚಿಕೊಂಡು ದಾರದ ತುಂಡಿನಂತೆ ಜೋತುಬಿದ್ದವು. ಕೆರೆಯ ನೀರೂ ಕಡಲ ನೀರೂ ಬೇರೆ ಎಂಬುದು ಅವಕ್ಕೆ ತಕ್ಷಣ ತಿಳಿಯಿತು. ನನಗೆ ಮಧ್ಯಾಹ್ನದವರೆಗೆ ತಿಳಿಯಲಿಲ್ಲ.

ಬಾವ ಕಾಫಿ ಕಣದ ಇಬ್ಬರು ಸ್ನೇಹಿತರನ್ನು ಕರೆದುಕೊಂಡು ನೋಡಲು ಬಂದಿದ್ದರು. "ಪೇಟೆಯಲ್ಲಿ ಸಿಗಡಿ ಐತೆ. ಇಲ್ಲಿ ಬೇಕಾದಷ್ಟು ಜನ ಗಾಳಕ್ಕೆ ಅದನ್ನೇ ಸಿಕ್ಕಿಸ್ತಾರೆ. ತರಿಸ್ಲೇನ್ಲಾ ಬಾಮೈದ?" ಎಂದರು.

"ಬೇಡಿ ಬಾವ. ಕೊಂಡ ಎರೆ ನಾನು ಮುಟ್ಟಲ್ಲ."

"ಹಂಗಾದ್ರೆ ಮೀನೂ ಮುಟ್ಟಂಗಿಲ್ಲ, ಬಿಡು."

ಆ ದಿನ ಊಟಕ್ಕೆ ಹುರುಳಿ ಸಾರು. ಅಕ್ಕ ಅರೆದ ಖಾರದ ಮೇಲೆ ತಟ್ಟೆ ಮುಚ್ಚಿ ಮೂಲೆಗೆ ಸರಿಸಿದಳು. ನನ್ನ ಕಡೆ ನೋಡದೆ ಬಡಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಡಬ್ಬದಲ್ಲಿ ಉಳಿದಿದ್ದ ಹುಳುಗಳನ್ನು ಅವಳ ಹಿತ್ತಲಿನ ಮಣ್ಣಿಗೆ ಬಿಟ್ಟು, ಡಬ್ಬ ತೊಳೆದಿಟ್ಟೆ.

ಮಾರನೆಯ ಬೆಳಗ್ಗೆ ಬರಿಗೈಯಲ್ಲಿ ದಂಡೆಗೆ ಹೋದೆ. ಅಲೆ ಹಿಂದೆ ಸರಿಯುವ ಜಾಗದಲ್ಲಿ ಒಬ್ಬ ಮುದುಕಿ, ಅಕ್ಕನ ನೆರೆಮನೆಯವಳು, ಬಗ್ಗಿ ಬಗ್ಗಿ ಮರಳು ಬಾಚುತ್ತಿದ್ದಳು. ಸೊಂಟದಲ್ಲಿ ಒಂದು ಪುಟ್ಟ ಬುಟ್ಟಿ. ಹತ್ತಿರ ಹೋಗಿ ಇಣುಕಿದೆ. ಒಳಗೆ ಹೆಬ್ಬೆರಳಿನ ಉಗುರಿನಷ್ಟು ಬೂದುಬಣ್ಣದ, ಮೊಟ್ಟೆಯಾಕಾರದ ಏಡಿಗಳು ತೆವಳುತ್ತಿದ್ದವು. ಪಕ್ಕದಲ್ಲಿ ಸುತ್ತಿಟ್ಟ ದಾರ ಮತ್ತು ಗಾಳ. ನನ್ನ ಮೈ ಜುಮ್ಮೆಂದಿತು. ಈಕೆ ಎರೆಯನ್ನು ತಾನೇ ಹಿಡಿಯುವವಳು! ಈ ಲೋಕದಲ್ಲಿ ನನ್ನ ಜಾತಿಯ ಇನ್ನೊಂದು ಪ್ರಾಣಿ ಇದೆ!

ಅವಳಿಗೆ ಕನ್ನಡ ಬಾರದು, ನನಗೆ ತುಳು ಬಾರದು. ಆದರೆ ಎರೆ ಹಿಡಿಯುವವರಿಗೆ ಮಾತು ಯಾಕೆ? ಅವಳು ನನ್ನ ರುಮಾಲು, ಅಂಗಿ, ಕಚ್ಚೆಪಂಚೆಗಳನ್ನು ಮೇಲಿಂದ ಕೆಳಗೆ ನೋಡಿ, ಪಂಚೆ ಎತ್ತಿ ಕಟ್ಟು ಎಂದು ಸನ್ನೆ ಮಾಡಿದಳು. ಅಲೆ ಹಿಂದಕ್ಕೆ ಜಾರಿದಾಗ ಒದ್ದೆ ಮರಳಿನ ಮೇಲೆ ಅಲ್ಲಲ್ಲಿ ಹಕ್ಕಿಯ ಹೆಜ್ಜೆಯಂಥ ಸಣ್ಣ ಗೀರುಗಳು ಮೂಡುತ್ತವೆ. ಏಡಿ ಅದರ ಕೆಳಗೆ ಇರುತ್ತದೆ. ಮುಂದಿನ ಅಲೆ ಬರುವುದರೊಳಗೆ ಎರಡೂ ಕೈಯಿಂದ ಮರಳನ್ನು ತೋಡಿ ಮೇಲಕ್ಕೆ ಎಸೆಯಬೇಕು. ಮೊದಲ ಸಲ ನಾನು ಗೀರನ್ನು ನೋಡುತ್ತಾ ನಿಂತೆ, ಅಲೆ ಬಂದು ನನ್ನನ್ನು ಕೂರಿಸಿತು. ಎರಡನೆಯ ಸಲ ರುಮಾಲು ತೆಗೆದುಕೊಂಡು ಹೋಯಿತು. ಮುದುಕಿ ಬಾಯಲ್ಲಿದ್ದ ಎರಡು ಹಲ್ಲನ್ನೂ ತೋರಿಸಿ ನಕ್ಕಳು. ಮೂರನೆಯ ಸಲ ನನ್ನ ಬೊಗಸೆಯಲ್ಲಿ ಮರಳಿನ ಜೊತೆ ಏನೋ ಕಚಗುಳಿಯಿಟ್ಟಿತು. ನಾನು ಕೂಗಿದ ಕೂಗಿಗೆ ಎರಡು ದೋಣಿಯವರು ತಿರುಗಿ ನೋಡಿದರು.

ಬಾಳೆಯ ಬುಡದಲ್ಲಿ ಕಲಿತ ಕೈ ಸುಮ್ಮನೆ ಹೋಗುವುದಿಲ್ಲ. ಒಂದನ್ನೂ ನಜ್ಜು ಮಾಡದೆ ಎತ್ತುವುದು ನನಗೆ ಮೊದಲೇ ಗೊತ್ತಿತ್ತು. ಬಿಸಿಲೇರುವ ಹೊತ್ತಿಗೆ ಮುದುಕಿ ಮರಳು ಬಾಚುವುದನ್ನು ಬಿಟ್ಟು ನನ್ನನ್ನೇ ನೋಡುತ್ತಾ ಕೂತಳು. ಅದರ ಮಾರನೆಯ ಬೆಳಗ್ಗೆ ತುಪ್ಪದ ಡಬ್ಬದ ತುಂಬ ಏಡಿ ಹಿಡಿದೆ. ಒಂದೊಂದೂ ಜೀವಂತ. ಆ ಬೆಳಗ್ಗೆ ದಂಡೆಯ ಮೇಲೆ ನಿಂತಿದ್ದ ನನ್ನಷ್ಟು ಹೆಮ್ಮೆಯ ಮನುಷ್ಯ ಘಟ್ಟದ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ.

ಆಮೇಲೆ ಮೀನು. ಹೌದು, ಮೀನನ್ನೂ ಹಿಡಿಯಬೇಕಿತ್ತು. ನಾನು ಗಾಳ ಎಸೆದೆ, ಕಡಲು ವಾಪಸು ಕೊಟ್ಟಿತು. ಮತ್ತೆ ಎಸೆದೆ, ಮತ್ತೆ ಕೊಟ್ಟಿತು. ಏಡಿಗಳು ಒಂದೊಂದಾಗಿ ಹಾಳಾಗುವುದನ್ನು ಮುದುಕಿಗೆ ನೋಡಲಾಗಲಿಲ್ಲ. ನನ್ನನ್ನು ಪಕ್ಕಕ್ಕೆ ತಳ್ಳಿ, ನನ್ನ ಡಬ್ಬದಿಂದ ಒಂದು ಏಡಿ ಎತ್ತಿ ತನ್ನ ಗಾಳಕ್ಕೆ ಸಿಕ್ಕಿಸಿ, ಕೋಲಿಲ್ಲದ ಬರೀ ದಾರವನ್ನು ತುದಿಯ ಸೀಸದ ಗುಂಡಿನ ಸಮೇತ ತಲೆಯ ಮೇಲೆ ತಿರುಗಿಸಿ ಅಲೆ ಮುರಿಯುವ ಜಾಗದಿಂದ ಆಚೆಗೆ ಎಸೆದಳು. ಸ್ವಲ್ಪ ಹೊತ್ತಿಗೆ ಬೆಳ್ಳಿಯ ಬಣ್ಣದ, ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದದ ಒಂದು ಕಾಣೆ ಮೀನು. ಹೀಗೆ ಐದು. ಎರಡನ್ನು ತಾನಿಟ್ಟುಕೊಂಡು ಮೂರನ್ನು ನನ್ನ ಕೈಗೆ ಕೊಟ್ಟು, ಡಬ್ಬವನ್ನು ತೋರಿಸಿ ತಲೆಯಾಡಿಸಿದಳು. ಹೆಚ್ಚಿನ ಪಾಲು ಎರೆಯವನಿಗೆ ಎಂದು ನಾನು ಅರ್ಥ ಮಾಡಿಕೊಂಡೆ.

ಮೂರು ಮೀನು ಹಿಡಿದು ಬಂದ ನನ್ನನ್ನು ನೋಡಿ ಅಕ್ಕ ಕಣ್ಣೊರೆಸಿಕೊಂಡಳು. ನಿಜ ಹೇಳಬೇಕೆಂದು ನಾನು ಬಾಯಿ ತೆರೆಯುವುದರೊಳಗೆ ಅವಳು ಬೇಲಿಯಾಚೆಯವರಿಗೆಲ್ಲ ಸುದ್ದಿ ಮುಟ್ಟಿಸಿಯಾಗಿತ್ತು. ಊಟಕ್ಕೆ ಕೂತಾಗ ಬಾವ ತಟ್ಟೆಯಲ್ಲಿದ್ದ ಕಾಣೆಯನ್ನು ಅತ್ತಿತ್ತ ತಿರುಗಿಸಿ, "ಇದು ನೀನೇ ಹಿಡಿದದ್ದೇನ್ಲಾ?" ಎಂದರು.

"ಎರೆ ನಾನೇ ಹಿಡಿದದ್ದು ಬಾವ," ಎಂದೆ.

"ಎರೆ ಇವನದು ಅಂದ್ಮೇಲೆ ಮೀನು ಇನ್ಯಾರದು? ಸುಮ್ಕೆ ಉಣ್ಣಿ," ಎಂದಳು ಅಕ್ಕ. ಬಾವ ಸುಮ್ಮನೆ ಉಂಡರು. ಮುಳ್ಳನ್ನೂ ಚೀಪಿ ಇಟ್ಟು, "ಸೋತೆ ಕಣೇ," ಎಂದರು. ಅಕ್ಕ ಇನ್ನೊಂದು ಮೀನು ಬಡಿಸಿದಳು.

ಎರಡು ದಿನ ಬಿಟ್ಟು ಹೊರಟಾಗ ಬಾವನೇ ಬಸ್ಸಿನವರೆಗೆ ಬಂದರು. ತುಪ್ಪದ ಡಬ್ಬದಲ್ಲಿ ಕಾಫಿಪುಡಿ ತುಂಬಿ ನನ್ನ ಕೈಗೆ ಕೊಟ್ಟರು. ಬಸ್ಸು ಹೊಗೆಯಾಡತೊಡಗಿದ ಮೇಲೆ ಕಿಟಕಿಯ ಹತ್ತಿರ ಬಗ್ಗಿ ಮೆಲ್ಲಗೆ ಅಂದರು: "ನಮ್ಮ ಕಾಫಿ ಕಣದ ಮೇಲೆ ನಿಂತ್ರೆ ದಂಡೆ ಪೂರಾ ಕಾಣ್ತದೆ ಬಾಮೈದ. ಅಜ್ಜಿ ಕೈ ಚೆನ್ನಾಗೈತೆ. ನಿಮ್ಮಕ್ಕನಿಗೆ ನಾನು ನೋಡಿದ್ದು ಗೊತ್ತಾಗೋದು ಬೇಡ, ಎರಡು ದಿನದಿಂದ ನೆಟ್ಟಗೆ ಓಡಾಡ್ತಾವ್ಳೆ. ಮುಂದಿನ ಸಲ ಇದರಲ್ಲಿ ತುಪ್ಪ ತಗಂಡ್ ಬಾ, ಅವಳು ತುಪ್ಪಕ್ಕೆ ಆಸೆಪಟ್ಟಿದ್ಲು." ಘಟ್ಟ ಹತ್ತಲಾರದೆ ಬಸ್ಸು ನಿಂತು ನಾವೆಲ್ಲ ಇಳಿದು ನಡೆಯುವವರೆಗೂ ನನ್ನ ತಲೆ ತಗ್ಗಿಯೇ ಇತ್ತು.

ಮರುವರ್ಷ ಮುಚ್ಚಳದ ತೂತುಗಳಿಗೆ ಅರಗು ಮೆತ್ತಿ, ಒಂದು ಕೈಯಲ್ಲಿ ತುಪ್ಪ ಮಾತ್ರ ಹಿಡಿದು ಹೋದೆ. ಅಕ್ಕ ಡಬ್ಬವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ದೂರ ಹಿಡಿದು ಮುಚ್ಚಳ ತೆಗೆದಳು. ಘಮ ಬಂದ ಮೇಲೆ ಅಲ್ಲೇ ಕೂತು ತವರಿನ ಸುದ್ದಿಯೆಲ್ಲ ಕೇಳಿದಳು. ನಾನು ದಂಡೆಗೆ ಹೋದೆ. ಮುದುಕಿ ನನ್ನನ್ನು ಗುರುತು ಹಿಡಿದು, ಗಾಳದ ದಾರವನ್ನು ತಾನೇ ಇಟ್ಟುಕೊಂಡು, ಖಾಲಿ ಬುಟ್ಟಿಯನ್ನು ನನ್ನ ಸೊಂಟಕ್ಕೆ ಕಟ್ಟಿದಳು. ಅಂದಿನಿಂದ ವರ್ಷಕ್ಕೊಮ್ಮೆ ನಾನು ರಜೆ ಹಾಕಿ, ಎರಡು ಬಸ್ಸು ಹತ್ತಿ, ಘಟ್ಟ ಇಳಿದು ಹೋಗಿ ಒಬ್ಬ ಮುದುಕಿಗೆ ಎರೆ ಹಿಡಿದುಕೊಟ್ಟು ಬರುತ್ತೇನೆ. ಇದಕ್ಕೆ ಆಳುಗೆಲಸ ಎನ್ನುತ್ತಾರೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೇಳಲಿ. ಆ ಬುಟ್ಟಿಯನ್ನು ಮುದುಕಿ ಬೇರೆ ಯಾರ ಸೊಂಟಕ್ಕೂ ಕಟ್ಟುವುದಿಲ್ಲವಂತೆ. ಬಾವ ಗುಟ್ಟಾಗಿ ಎರಡು ಸಲ ಹೋಗಿ ಕೇಳಿದರಂತೆ, ಅವರಿಗೂ ಕೊಡಲಿಲ್ಲವಂತೆ.