ನನ್ನ ಕರಿ ಎರಡು

ಸಂಶಯ ಪಡುವುದು ನನ್ನ ಸ್ವಭಾವವಲ್ಲ, ಕಸುಬು. ಮೂವತ್ತು ವರ್ಷದಿಂದ ಅಸಂಗಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದೇನೆ. ಅಪ್ಪಟ ಹತ್ತಿ ಎಂದು ಆಣೆ ಮಾಡಿ ಕೊಟ್ಟ ಬಟ್ಟೆಯಿಂದಲೂ ಒಂದು ಎಳೆ ಕಿತ್ತು, ಸುಟ್ಟು, ಮೂಸಿ ನೋಡದೆ ಒಳಗಿಟ್ಟವನಲ್ಲ. ಈ ಚಟ ಅಂಗಡಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು, ಅದು ನನ್ನ ಜೊತೆ ಮನೆಗೂ ಬಂತು. ಚಹಾಕ್ಕೆ ಸಕ್ಕರೆ ಒಂದು ಚಿಟಿಕೆ ಹೆಚ್ಚಾದರೆ ಹೆಂಡತಿಯ ತವರಿನಿಂದ ಯಾರೋ ಬರುವವರಿದ್ದಾರೆ ಎಂದು ತಿಳಿಯುತ್ತೇನೆ. ಎಷ್ಟೋ ಸಲ ಬಂದೇ ಬಂದಿದ್ದಾರೆ. ಬಾರದಿದ್ದಾಗ, ಹೊರಟವರು ಏನೋ ಕಾರಣಕ್ಕೆ ತಿರುಗಿ ಹೋಗಿರಬೇಕು ಎಂದುಕೊಂಡಿದ್ದೇನೆ. ಹೀಗೆ ಕಂಡದ್ದನ್ನೆಲ್ಲ ಸುಟ್ಟು ಮೂಸುವ ನಾನು ಒಂದೇ ಒಂದು ಮಾಲನ್ನು ಮಾತ್ರ ಯಾವತ್ತೂ ಪರೀಕ್ಷೆ ಮಾಡಿರಲಿಲ್ಲ. ಅದು ನನ್ನ ಗಂಟಲು.

ನಮ್ಮೂರ ಭಜನಾ ಮಂಡಳಿಯಲ್ಲಿ ಮುಂದಾಗಿ ಹಾಡುವವನು ನಾನು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಹಾಡುವವನ ಷಡ್ಜ ಪೇಟಿಯ ಮೇಲೆ ಒತ್ತುವ ಬಿಳಿ, ಕರಿ ಮನೆಗಳಲ್ಲಿ ಯಾವುದಕ್ಕೆ ಕೂಡುತ್ತದೋ ಅದೇ ಅವನ ಪಟ್ಟಿ. ಬಿಳಿ ಒಂದು, ಕರಿ ಒಂದು, ಬಿಳಿ ಎರಡು, ಕರಿ ಎರಡು, ಬಿಳಿ ಮೂರು ಎಂದು ಅದು ಏರುತ್ತ ಹೋಗುತ್ತದೆ. ನನ್ನದು ಕರಿ ಎರಡು. ಇಪ್ಪತ್ತೈದನೇ ವಯಸ್ಸಿಗೆ ಕರಿ ಎರಡು, ಅರವತ್ತೊಂದಕ್ಕೂ ಕರಿ ಎರಡು. ಪಕ್ಕದೂರು ಕುಣಿಕೋಣೂರಿನ ಹಾಡುಗಾರ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಆಗಲೇ ಕರಿ ಒಂದಕ್ಕೆ ಇಳಿದಿದ್ದಾನೆ. ಈ ಸುದ್ದಿಯನ್ನು ಬರೀ ಕರವಸ್ತ್ರ ಕೊಳ್ಳಲು ಬಂದವರಿಗೂ ಕೂಡಿಸಿ ಹೇಳಿ ಕಳಿಸಿದ್ದೇನೆ. ಹಾಗಂತ ನಾನು ಮೈಮರೆತವನಲ್ಲ. ಪೇಟಿ ನುಡಿಸುವ ಭೀಮಣ್ಣನ ಬೆರಳು ಕರಿ ಎರಡರ ಮೇಲೇ ಇದೆಯೇ ಎಂದು ಪ್ರತಿ ಸೋಮವಾರ ಓರೆಗಣ್ಣಿನಿಂದ ನೋಡಿಯೇ ಬಾಯಿ ತೆರೆಯುತ್ತೇನೆ. ಅದು ಅಲ್ಲೇ ಇರುತ್ತಿತ್ತು.

ಹೀಗಿರುವಾಗ ಮನೆಗೆ ಸೊಸೆ ಬಂದಳು. ಸ್ನೇಹಲ್ ಸಾಂಗಲಿಯ ಹುಡುಗಿ. ಬಟ್ಟೆ ಇಡುವ ತಿಜೋರಿಯ ಜೊತೆಗೆ ಒಂದು ಎಲೆಕ್ಟ್ರಿಕ್ ಗಿಟಾರ್ ಕೂಡ ತಂದಳು. ಕುಣಿಕೋಣೂರಿನವರು ತಮ್ಮ ಭಜನೆಗೆ ಕೀಬೋರ್ಡ್ ಸೇರಿಸಿಕೊಂಡ ಸುದ್ದಿ ಅದೇ ವಾರ ಬಂದದ್ದರಿಂದ, ಮಠದ ಸೋಮವಾರದ ಭಜನೆಗೆ ಗಿಟಾರ್ ಇರಲಿ ಎಂದು ನಾನೇ ಉದಾರ ಮನಸ್ಸಿನಿಂದ ಒಪ್ಪಿದೆ. ಮರುದಿನವೇ ಪಾರ್ಸೆಲ್ ಬಂತು. ಒಳಗೆ ತಂತಿಗಳ ಸುರುಳಿ. ಬೆರಳಿನಿಂದ ತಿಕ್ಕಿ ನೋಡಿದೆ, ಮೊದಲಿದ್ದವುಗಳಿಗಿಂತ ದಪ್ಪ.

"ದಪ್ಪ ತಂತಿ ಯಾಕವ್ವಾ?" ಎಂದೆ.

"ಗಿಟಾರದ ಸ್ವರ ಇಳಸಾಕತ್ತೀನ್ರಿ ಮಾಮಾರ. ತೆಳ್ಳನ ತಂತಿ ಸಡಿಲ ಬಿಟ್ರ ಜೋತು ಬಿದ್ದು ಗುರ್ರ ಗುರ್ರ ಅಂತಾವ್ರಿ. ದಪ್ಪ ಇದ್ರ ಇಳಿಸಿದ್ರೂ ಬಿಗಿ ಇರ್ತಾವ."

ಮಾತು ಸರಿಯೇ. ಆದರೂ ನಾನು ಪಡಸಾಲೆಯಲ್ಲಿ ಪೇಪರ್ ಹಿಡಿದು ಕುಳಿತು, ಅದರ ಅಂಚಿನ ಮೇಲಿಂದ ಎಲ್ಲವನ್ನೂ ನೋಡಿದೆ. ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಸಣ್ಣ ಕಚ್ಚುಗಳಿವೆ. ದಪ್ಪ ತಂತಿ ಅದರಲ್ಲಿ ಕೂರದ್ದರಿಂದ, ಉಗುರು ತೀಡುವಷ್ಟು ಮೆತ್ತಗೆ ಅರದಿಂದ ತಿಕ್ಕಿ ಅಗಲ ಮಾಡಿದಳು. ಆಮೇಲೆ ಕುತ್ತಿಗೆಯ ಒಳಗೆ ಒಂದು ಕೀಲಿ ತೂರಿಸಿ ಕಾಲು ಸುತ್ತು ತಿರುವಿದಳು. ಅದರೊಳಗೆ ಒಂದು ಕಬ್ಬಿಣದ ಸರಳಿದೆಯಂತೆ, ಕುತ್ತಿಗೆ ಎಷ್ಟು ಬಾಗಬೇಕೆಂಬುದನ್ನು ಅದು ನೋಡಿಕೊಳ್ಳುತ್ತದಂತೆ. ಒಂದು ದಿನ ಹಾಗೇ ಬಿಟ್ಟಳು. "ಕಟ್ಟಿಗಿ ಕುಂದ್ರಬೇಕ್ರಿ" ಎಂದಳು. ನಿಂತ ಕಟ್ಟಿಗೆಯನ್ನು ಯಾರು ಕೂರಿಸುತ್ತಾರೆ ಎಂದು ನಾನು ಅದನ್ನೂ ಸಂಶಯದ ಪಟ್ಟಿಗೆ ಸೇರಿಸಿದೆ. ಕೊನೆಗೆ ಒಂದೊಂದೇ ತಂತಿ ಮೀಟಿ ಮೊಬೈಲಿನಲ್ಲಿ ಸ್ವರ ಅಳೆದಳು. ಅಳತೆಯ ವಿಷಯದಲ್ಲಿ ನಾನು ಯಾರನ್ನೂ ನಂಬುವವನಲ್ಲ. ಅವಳು ಒಳಗೆ ಹೋದಾಗ ಮಂಚದ ಕೆಳಗಿನ ನನ್ನ ಹಳೇ ಪೇಟಿಯನ್ನು ಎಳೆದು ಧೂಳು ಊದಿ, ಅತಿ ದಪ್ಪ ತಂತಿಯನ್ನು ಮೀಟಿ ಹೋಲಿಸಿದೆ. ಕರಿ ಒಂದು!

ತಂತಿ ಮೊದಲು ಬಿಳಿ ಮೂರರಲ್ಲಿತ್ತು ಎಂದು ಅವಳೇ ಹೇಳಿದ್ದಳು. ನನ್ನ ಪಟ್ಟಿಗೆ ಕೂಡಿಸಲು ಒಂದು ಮನೆ ಇಳಿಸಿದರೆ ಸಾಕು. ಇವಳು ಮೂರು ಇಳಿಸಿದ್ದಾಳೆ. ಯಾರಿಗಾಗಿ? ಕರಿ ಒಂದರಲ್ಲಿ ಹಾಡುವವನು ನಮ್ಮಲ್ಲಿ ಯಾರೂ ಇಲ್ಲ, ಇರುವವನು ಕುಣಿಕೋಣೂರಿನಲ್ಲಿ. ಅಷ್ಟರಲ್ಲಿ ಅಡುಗೆ ಮನೆಯಿಂದ ಪಿಸುಮಾತು ಕೇಳಿತು.

"ಅತ್ತೀ, ಅವರಿಗಿ ತಿಳದ್ರ?"

"ಅವರಿಗೇನ ತಿಳೀತೈತಿ? ನೀ ಸುಮ್ಮ ಇಳಸ. ಭೀಮಣ್ಣಂದೂ ಅದ ಮಾತು."

ಸೊಸೆ, ಹೆಂಡತಿ, ಭೀಮಣ್ಣ! ಮಂಡಳಿಗೆ ಹೊಸ ಹಾಡುಗಾರನನ್ನು ತಂದು ನನ್ನನ್ನು ಚಪ್ಪಾಳೆ ತಟ್ಟುವವರ ಸಾಲಿಗೆ ಇಳಿಸುವ ಹುನ್ನಾರ ಇದು. ಮೂವತ್ತಾರು ವರ್ಷ ಹಾಡಿದ ಜಾಗ ಹೋಗುತ್ತದೆ ಎಂದು ನಿಜಕ್ಕೂ ನೋವಾಯಿತು. ಅಂಗಡಿ ಕೈತಪ್ಪಿ ಹೋಗಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ. ಸೋಮವಾರ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಮಠಕ್ಕೆ ಕಸ ಗುಡಿಸಲು ಹೋದಾಗ ನಾನು ಕಳ್ಳನ ಹಾಗೆ ಗಿಟಾರಿನ ಕಿವಿ ಹಿಂಡಿದೆ. ಹಳೇ ಪೇಟಿ ನುಡಿಸುತ್ತ, ಆರೂ ತಂತಿಗಳನ್ನು ಎರಡೆರಡು ಮನೆ ಮೇಲೇರಿಸಿ, ಕರಿ ಎರಡಕ್ಕೆ ತಂದು ನಿಲ್ಲಿಸಿ, ಏನೂ ತಿಳಿಯದವನಂತೆ ಮಲಗಿದೆ.

ಸಂಜೆ ಮಠ ತುಂಬಿತ್ತು. ಭೀಮಣ್ಣ ಪೇಟಿಯ ಮೇಲೆ ಕರಿ ಎರಡು ಒತ್ತಿದ. ಸ್ನೇಹಲ್ ತಂತಿ ಮೀಟಿದಳು. ಎರಡೂ ಒಂದಕ್ಕೊಂದು ಕಚ್ಚಾಡಿದ ಪರಿಗೆ ಕಂಬದ ಬುಡದಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು. ಎಲ್ಲರೂ ಗಿಟಾರಿನ ಕಡೆ ನೋಡಿದರು. ಸ್ನೇಹಲ್ ಗಾಬರಿಯಿಂದ ಮೊಬೈಲ್ ತೆಗೆದಳು.

"ಯಾರೋ ತಂತಿ ಏರಿಸ್ಯಾರ್ರಿ" ಎಂದಳು.

ಇದೇ ಸಮಯ ಎಂದು ನಾನು ಎದೆ ಸೆಟೆದು ಹೇಳಿದೆ, "ನಾನ ಏರಿಸೀನಿ! ಗಿಟಾರ ಬರೋಬ್ಬರಿ ಐತಿ. ಖರೇ ಕರಿ ಎರಡು. ತಪ್ಪಿದ್ದು ಪೇಟಿ. ಏನಪಾ ಭೀಮಣ್ಣ, ನಿನ್ನ ಬೆರಳ ಕರಿ ಎರಡರ ಮ್ಯಾಲ ಐತಿ, ಸ್ವರ ಎಲ್ಲಿಂದ ಬರಾಕತ್ತೇತಿ?"

ಭೀಮಣ್ಣ ಹೆಂಗಸರ ಸಾಲಿನಲ್ಲಿದ್ದ ನನ್ನ ಹೆಂಡತಿಯ ಕಡೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡು, ತೋರಿಸಿಬಿಡು ಎನ್ನುವಂತೆ ತಲೆಯಾಡಿಸಿದಳು. ಅವನು ಪೇಟಿಯ ಬದಿಗೆ ಕೈ ಹಾಕಿ, ಮನೆಗಳ ಇಡೀ ಸಾಲನ್ನೇ ಪಕ್ಕಕ್ಕೆ ಸರಿಸಿದ. ಟಕ್, ಟಕ್. ಸ್ಕೇಲ್ ಚೇಂಜರ್ ಪೇಟಿ! ಬೆರಳು ಇದ್ದಲ್ಲೇ ಇದ್ದು ಸ್ವರ ಮಾತ್ರ ಹತ್ತಿ ಇಳಿಯುವ ಯಂತ್ರ. ಮಂಡಳಿಗೆ ಹೊಸ ಪೇಟಿ ಬಂದು ಮೂರು ವರ್ಷವಾಗಿದೆ, ಅದರ ಉದ್ಘಾಟನೆಗೆ ಕಾಯಿ ಒಡೆದವನು ನಾನೇ.

"ಈಗ ಖರೇ ಕರಿ ಎರಡು ಬಂತ್ರಿ ಸಾವ್ಕಾರ್ರ. ಹಾಡ್ರಿ" ಎಂದ ಮೆಲ್ಲಗೆ.

ಹಾಡಿದೆ. ಕೆಳಗೆಲ್ಲ ಚೆನ್ನಾಗಿಯೇ ಹೋಯಿತು. ಮೇಲಿನ ಷಡ್ಜಕ್ಕೆ ಹೋದಾಗ ಹಳೇ ಧೋತರ ಹರಿದಂಥ ಸದ್ದು ಬಂತು. ಆ ಸದ್ದನ್ನು ಅಂಗಡಿಯಲ್ಲಿ ಎಷ್ಟು ಕೇಳಿಲ್ಲ, ಗಂಟಲಿನಿಂದ ಬಂದದ್ದು ಅದೇ ಮೊದಲು. ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಸ್ನೇಹಲ್ ಆರೂ ತಂತಿ ಇಳಿಸಿದಳು, ಭೀಮಣ್ಣ ಟಕ್ ಟಕ್ ಎಂದು ಪೇಟಿ ಹಿಂದಕ್ಕೆ ಸರಿಸಿದ. ಮತ್ತೆ ಹಾಡು ಎತ್ತಿದಾಗ ಮಠದಲ್ಲಿದ್ದವರೆಲ್ಲ ಮೊದಲ ಸಾಲಿನಿಂದಲೇ ಕೂಡಿ ಹಾಡಿದರು, ನನ್ನ ಧ್ವನಿ ಒಂಟಿಯಾಗಿ ಕೇಳದ ಹಾಗೆ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ, "ಮೂರ ವರ್ಷ! ಒಂದ ಮಾತ ಹೇಳಬಾರದಿತ್ತೇನ?"

"ಹೇಳಿದ್ರ ನೀವು ಹಾಡೂದ ಬಿಡತಿದ್ರಿ" ಎಂದಳು. "ಸೋಮವಾರನೂ ಮನ್ಯಾಗ ಕುಂತು ನಮ್ಮ ಮ್ಯಾಲ ಸಂಶಯ ಪಡತಿದ್ರಿ. ವಾರದಾಗ ಒಂದ ಸಂಜಿ ಆದ್ರೂ ನಮಗ ಬ್ಯಾಡೇನು?"

ಸ್ನೇಹಲ್ ನಡುವೆ ಬಂದು, ಎಳೆದ ತಂತಿಗೆ ಕುತ್ತಿಗೆ ಮುಂದಕ್ಕೆ ಬಾಗಿದೆ, ನೆಟ್ಟಗಾಗಲು ಒಂದು ದಿನ ಬೇಕು ಎಂದಳು. ಗಿಟಾರಿನದ್ದೋ ನನ್ನದೋ ಎಂದು ನಾನು ಕೇಳಲಿಲ್ಲ.

ಈಗಲೂ ಸೋಮವಾರ ಭೀಮಣ್ಣ ಎಲ್ಲರೆದುರು "ಯಾವ ಪಟ್ಟೀರಿ ಸಾವ್ಕಾರ್ರ?" ಎಂದು ಕೇಳುತ್ತಾನೆ. ನಾನು ಗಟ್ಟಿಯಾಗಿ "ಕರಿ ಎರಡು" ಎನ್ನುತ್ತೇನೆ. ಪೇಟಿಯ ಬದಿಯಲ್ಲಿ ಟಕ್ ಟಕ್ ಎಂದು ಎರಡು ಸಲ ಸದ್ದಾಗುತ್ತದೆ. ಆ ಸದ್ದು ಮುಚ್ಚಿಹೋಗುವಂತೆ ಸರಿಯಾಗಿ ಎರಡು ಸಲ ಕೆಮ್ಮುವುದನ್ನು ನಾನು ಕಲಿತಿದ್ದೇನೆ. ಹೋದ ಸೋಮವಾರ ಸದ್ದು ಮೂರು ಸಲ ಬಂತು, ಮರುದಿನ ಸೊಸೆಗೆ ಇನ್ನೂ ದಪ್ಪ ತಂತಿಯ ಪಾರ್ಸೆಲ್ ಬಂತು. ನಾನು ಬಿಚ್ಚಿಯೂ ನೋಡಲಿಲ್ಲ, ತಿಕ್ಕಿಯೂ ನೋಡಲಿಲ್ಲ. ಕನ್ನಡಿಯ ಮುಂದೆ ನಿಂತು ಮೂರು ಸಲ ಕೆಮ್ಮುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ.